ವೆರಿಲಿ ಎಂದರೆ ಖರೇನ

ಫೋರ್ಟ್ ಭಾಗದ ಆ ವಕೀಲರ ಆಫೀಸಿನಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಅವ್ವನ ಮುಂದೆ ಇಂಗ್ಲಿಷಿನ ಅಫಿಡವಿಟ್ ಇತ್ತು. ಭಾಂಡುಪಿನ ನಮ್ಮ ಚಾಳು ಕೆಡವಿ ಬಿಲ್ಡಿಂಗ್ ಕಟ್ಟುವವರಿದ್ದರು. ಅದರಲ್ಲಿ ನಮ್ಮ ಒಂದು ಕೋಣೆಯ ಖೋಲಿ ಇದ್ದದ್ದು ಅಪ್ಪನ ಹೆಸರಿನಲ್ಲಿ. ಅಪ್ಪನೋ, ಒಂದು ಬೆಳಿಗ್ಗೆ ಕೆಲಸಕ್ಕೆಂದು ಲೋಕಲ್ ರೈಲು ಹತ್ತಿದವರು ತಿರುಗಿ ಬಂದೇ ಇರಲಿಲ್ಲ. ಕಾನೂನು ಕಾಯಿಸುವಷ್ಟು ವರ್ಷ ಕಾದಾಗಿತ್ತು. ಅವರು ಸತ್ತಿದ್ದಾರೆಂದು ಇನ್ನು ಕೋರ್ಟು ಒಪ್ಪಬೇಕು, ಅದಕ್ಕೆ ಅವ್ವ ಪ್ರಮಾಣ ಮಾಡಬೇಕು. ಇಲ್ಲದಿದ್ದರೆ ಹೊಸ ಮನೆಯೂ ಇಲ್ಲ, ಹಳೆಯದೂ ಇಲ್ಲ.

ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ‘ಗಂಡ ಜೀವಂತವಿಲ್ಲವೆಂದು ವೆರಿಲಿ ನಂಬುತ್ತೇನೆ’ ಎನ್ನುವಲ್ಲಿ ಅವ್ವ ತಡೆದಳು.

“ವೆರಿಲಿ ಅಂದ್ರ ಏನ?”

“ಖರೇನ ಅಂತ. ಹಳೀ ಮಾತು, ಈಗ ಯಾರೂ ಆಡೂದಿಲ್ಲ. ಇಂಥಾ ಕಾಗದದಾಗ ಅಷ್ಟ ಉಳದೈತಿ.”

ಅಲ್ಲಿಗೆ ಬಿಡಬಾರದಿತ್ತೆ? ಫೋನಿನಲ್ಲಿ ಹುಡುಕಿ ಅದರ ಹುಟ್ಟನ್ನೂ ಹೇಳಿದೆ. ನಾವೆಲ್ಲ ‘ಭಾಳ’ ಎನ್ನುವುದಕ್ಕೆ ಬಳಸುವ ವೆರಿಗೆ ಮೊದಲು ‘ನಿಜವಾದ’ ಎಂದೇ ಅರ್ಥವಿತ್ತಂತೆ. ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಬೇರು ಲ್ಯಾಟಿನ್ನಿನಲ್ಲಿ. ವೆರಿ ಜನರ ಬಾಯಲ್ಲಿ ಸವೆದು ಬರೀ ‘ಭಾಳ’ ಆಯಿತು, ವೆರಿಲಿ ಮಾತ್ರ ಸತ್ಯವನ್ನು ಹಿಡಿದುಕೊಂಡೇ ಕೂತಿತು. ಹಾಳಾದ ಪಾಂಡಿತ್ಯ ನನ್ನದು.

“ನಂಬತೀನಿ ಅಂದ್ರ ಸಾಕಾಗತಿತ್ತು,” ಎಂದಳು ಅವ್ವ. “ಅದರ ಮ್ಯಾಲ ಖರೇನ ಅಂತ ಯಾಕ ಹೇರ್ಯಾರ?”

“ಮಾಜೀ, ಸಬ್ ಮೇ ಯಹೀ ಲಿಖಾ ರೆಹತಾ ಹೈ,” ಎಲ್ಲದರಲ್ಲೂ ಹೀಗೇ ಬರೆದಿರುತ್ತದೆ ಎಂದರು ವಕೀಲರು, ಗಡಿಯಾರ ನೋಡುತ್ತ.

ಇಷ್ಟು ವರ್ಷ ಅವ್ವ ಒಂದು ದಿನವೂ ಕುಂಕುಮ ತಪ್ಪಿಸಿದವಳಲ್ಲ. ಸಂಕ್ರಾಂತಿಗೆ ಚಾಳಿನ ಮರಾಠಿ ಹೆಂಗಸರು ಇವಳನ್ನು ಹಳದಿಕುಂಕುಮಕ್ಕೆ ಕರೆಯಬೇಕೋ ಬೇಡವೋ ಎಂದು ಅನುಮಾನಿಸಿದ ವರ್ಷ, ಕರೆಯದೆಯೇ ಹೋಗಿ ಕೂತಿದ್ದಳು. ಅಂಥವಳಿಗೆ ಈಗ ಅತ್ತ ದರಿ, ಇತ್ತ ಪುಲಿ. ನನಗೂ ಅಷ್ಟೇ. ಮನೆ ಬೇಕಿತ್ತು, ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಎದ್ದು ಹೊರಗೆ ಓಡಿಬಿಡಬೇಕು ಅನ್ನಿಸಿತು.

“ಅದೊಂದು ಶಬ್ದ ಅಷ್ಟ ಬೇ ಯವ್ವಾ. ಸಹಿ ಮಾಡು.”

“ಸುಳ್ಳ ಆಣಿ ಮಾಡಿದ್ರ ಅದು ಮಕ್ಕಳಿಗೆ ಬಡೀತೈತಿ. ನನಗ ಇರಾಕಿ ನೀ ಒಬ್ಬಾಕಿ.”

ನೋಟರಿ ಸಾಹೇಬರು ಬಂದು ಕುರ್ಚಿ ಎಳೆದುಕೊಂಡರು. ಶಿಕ್ಕಾ ತೆಗೆಯುತ್ತ, “ಸಬ್ ಸಚ್ ಹೈ ನಾ?” ಎಲ್ಲ ನಿಜ ತಾನೇ ಎಂದು ಕೇಳಿದರು. ದಿನಕ್ಕೆ ಎಷ್ಟೋ ಜನರನ್ನು ಕೇಳುವ ಪ್ರಶ್ನೆ, ತಲೆ ಕೂಡ ಎತ್ತಲಿಲ್ಲ.

ಅವ್ವ ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಹಣೆ ಒರೆಸಿದಳು. ಕುಂಕುಮ ಹೋಗದೆ ಹಣೆಯ ತುಂಬ ಹರಡಿತು. ಮತ್ತೆ ತಿಕ್ಕಿದಳು. ನಾನು ಕೈ ಹಿಡಿಯಲು ಹೋದರೆ ಕೊಡವಿದಳು.

“ಹೌದು ಅನ್ನು ಅವರಿಗೆ. ಈಗ ಖರೇ ಆತು,” ಎಂದು ಪೆನ್ನಿಗೆ ಕೈ ಚಾಚಿದಳು. “ಎಲ್ಲಿ ಮಾಡ್ಲಿ?”

ನಾನು ಬೆರಳಿಟ್ಟು ತೋರಿಸಿದೆ.