ಗಾಡಿಯಕ್ಕ

ನನ್ನ ತಾಯಿಯ ತವರಿನಲ್ಲಿ ಅತಿಯಾಸೆಯ ಹೆಣ್ಣನ್ನು ಗಾಡಿಯಕ್ಕ ಎನ್ನುತ್ತಿದ್ದರು. ಚನ್ನಪಟ್ಟಣದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಊರು ಅದು. ಆ ಊರು ಬಿಟ್ಟು ಬೇರೆಲ್ಲೂ ಈ ಮಾತನ್ನು ನಾನು ಕೇಳಿಲ್ಲ. ಚಿಕ್ಕವಳಿದ್ದಾಗ ಎರಡನೆಯ ಒಬ್ಬಟ್ಟಿಗೆ ಕೈ ಚಾಚಿದರೆ ಅಜ್ಜಿ, "ಏನಮ್ಮಿ, ನೀನೂ ಗಾಡಿಯಕ್ಕ ಆಗ್ಬುಟ್ಟಾ?" ಎನ್ನುತ್ತಿದ್ದಳು. ಒಬ್ಬಟ್ಟೂ ಸಿಗುತ್ತಿತ್ತು, ಮಾತೂ ಸಿಗುತ್ತಿತ್ತು.

ಗಾಡಿಯಕ್ಕ ಒಂದು ಹಳೆಯ ಕಪ್ಪುಬಿಳುಪು ಸಿನಿಮಾದ ಪಾತ್ರ. ಊರಿನವರ ಬಾಯಲ್ಲಿ ಆ ಕಥೆ ಹೀಗಿತ್ತು: ದೊಡ್ಡ ಮನೆ, ಹಾಸಿಗೆ ಹಿಡಿದ ತಂದೆ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಹಿರಿಯ ಮಗಳು. ತಂದೆಯ ಮಂಚದ ಕೆಳಗೆ ಮರದ ಪೆಟ್ಟಿಗೆ. ಅದರಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ, ಆದರೆ ಬೀಗದಕೈಯನ್ನು ಎಲ್ಲರೂ ಹುಡುಕುತ್ತಿದ್ದಾರೆ. ತಂದೆಯನ್ನು ನೋಡುವ ನೆಪದಲ್ಲಿ ಬಂದ ಮಗಳು ತಮ್ಮಂದಿರ ಹೆಂಡತಿಯರ ಜೊತೆ ಜಗಳವಾಡುತ್ತಾಳೆ. ಒಂದು ಮುಸ್ಸಂಜೆ ಕಂಬಳಿ ಸುತ್ತಿದ ಉದ್ದನೆಯ ಹೊರೆಯೊಂದನ್ನು ಆಳುಗಳಿಂದ ಎತ್ತಿನ ಗಾಡಿಗೆ ಹೊರಿಸಿಕೊಂಡು, ತವರನ್ನು ಗುಡಿಸಿ ಗುಂಡಾಂತರ ಮಾಡಿ ಹೊರಟುಹೋಗುತ್ತಾಳೆ. ಗಾಡಿಯ ಹಿಂದೆ ಧೂಳು ಏಳುತ್ತದೆ. ಶುಭಂ.

ಊರ ಹೆಂಗಸರು ಇದನ್ನು ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ನೋಡಿದ್ದರು. ಅಮ್ಮ ಆಗ ಕಂಕುಳ ಕೂಸು. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹತ್ತುವ ದಿನಗಳಲ್ಲಿ ಆ ಕಡೆಯ ಹೆಂಗಸರು ಹೊಸಿಲು ದಾಟುವುದಿಲ್ಲ. ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಕಳಿಸಿದ ಮೇಲೆಯೇ ಅವರಿಗೆ ಬಿಡುವು. ಆ ಸಲ ಬಿಡುವಾಗುವ ಹೊತ್ತಿಗೆ ಸಿನಿಮಾದ ಕಡೇ ದಿನ ಬಂದಿತ್ತಂತೆ. ಇಡೀ ಬೀದಿ ಒಂದೇ ಆಟಕ್ಕೆ ಹೋಗಿ, ದಾರಿಯುದ್ದಕ್ಕೂ ಆ ಹೆಣ್ಣಿಗೆ ಶಾಪ ಹಾಕುತ್ತ ಮನೆಗೆ ಬಂತು.

ನಾನು ಮೈಸೂರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ರಾಮನಗರದ ನಮ್ಮ ಮನೆಗೆ ಮರಳಿದ ವರ್ಷ, ಅಜ್ಜ ತೀರಿಕೊಂಡು ಒಂದು ವರ್ಷವಾಗಿತ್ತು. ಮಾವಂದಿರಿಬ್ಬರೂ ಜಮೀನನ್ನು ಭಾಗ ಮಾಡಿಕೊಳ್ಳಲು ಹೊರಟಿದ್ದರು. ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನು ಬಂದು ಕೆಲವು ವರ್ಷಗಳಾಗಿದ್ದವು. ಹಾಗಾಗಿ ತನಗೇನೂ ಬೇಡವೆಂದು ಅಮ್ಮ ಸಹಿ ಹಾಕಿಕೊಡಬೇಕಿತ್ತು. ಎಲ್ಲ ಮನೆಗಳಲ್ಲೂ ಹಾಗೇ ನಡೆಯುತ್ತಿತ್ತು. ಅಕ್ಕತಂಗಿಯರು ಬಂದು ಸಹಿ ಹಾಕುತ್ತಾರೆ. ಅಣ್ಣತಮ್ಮಂದಿರು ಅರಿಶಿನ ಕುಂಕುಮದ ಜೊತೆ ರೇಷ್ಮೆ ಸೀರೆ ಕೊಟ್ಟು, ಪಾಯಸದೂಟ ಹಾಕಿ ಬಸ್ಸು ಹತ್ತಿಸುತ್ತಾರೆ. ದೊಡ್ಡ ಮಾವ ಸೀರೆ ತಂದಿಟ್ಟಾಗಿತ್ತು. "ಸೋಮವಾರ ರಿಜಿಸ್ಟ್ರಾರ್ ಆಪೀಸಿಗೆ ಹೋಗಾದು, ಭಾನುವಾರವೇ ಬಂದ್ಬುಡು" ಎಂದು ಹೇಳಿಕಳಿಸಿದ್ದರು.

ಹೊರಡುವ ಹಿಂದಿನ ದಿನ ಅಮ್ಮ ಅಕ್ಕಿ ಆರಿಸುತ್ತ, ತಲೆ ಎತ್ತದೆ, "ನಾನು ಸೈನ್ ಹಾಕಲ್ಲ ಕಣೆ" ಎಂದಳು.

ನಾನು ಪುಸ್ತಕ ಮುಚ್ಚಿದೆ. ಅಮ್ಮ ಅಣ್ಣತಮ್ಮಂದಿರ ಎದುರಿಗಿರಲಿ, ಹಾಲಿನವನ ಎದುರಿಗೂ ಇಲ್ಲವೆಂದವಳಲ್ಲ.

"ಮದುವೆ ಆಗೋ ಗಂಟ ಆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕುಯ್ದೋಳು ನಾನು. ಅದರಲ್ಲಿ ನಂದು ಅಂತ ಒಂದು ಪಟ್ಟೆ ಇರಲಿ. ಮಿಕ್ಕಿದ್ದೆಲ್ಲ ಅವರೇ ಇಟ್ಕೊಳ್ಳಲಿ." ಸ್ವಲ್ಪ ಹೊತ್ತಿನ ಮೇಲೆ, "ಕೇಳಿದ ಮೇಲೆ ಅವರು ಮನೆ ಬಾಗಿಲಿಗೆ ಬರೋದು ಬಿಟ್ಟರೆ ಏನು ಮಾಡೋದು?" ಎಂದಳು.

ಅವಳ ಭಯ ಅದೊಂದೇ ಆಗಿತ್ತು. ನಮ್ಮ ಬೀದಿಯಲ್ಲೇ ಒಬ್ಬರು ಪಾಲು ಕೇಳಿದ್ದರು, ಪಡೆದೂ ಇದ್ದರು. ಗೌರಿ ಹಬ್ಬದ ದಿನ ಎಲ್ಲರ ಮನೆಗೂ ತವರಿನಿಂದ ಬಾಗಿನ ಬಂದರೆ, ಅವರು ಮಾತ್ರ ಬೆಳಗ್ಗೆಯೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಮ್ಮ ಅದನ್ನು ಪ್ರತಿ ವರ್ಷ ನೋಡುತ್ತಿದ್ದಳು.

"ನಾನು ಮಾತಾಡಲಾ?" ಎಂದು ಕೇಳಿದೆ.

"ನೀನು ಬಾಯಿ ಬಿಡಬೇಡ. ಓದಿದ ಮಗಳು ಕಿವಿ ಊದಿದಾಳೆ ಅಂತಾರೆ."

ಬಾಯಿ ಬಿಡದಿರುವುದು ನನಗೆ ಕಷ್ಟದ ಕೆಲಸವಲ್ಲ. ಒಪ್ಪಿಕೊಂಡೆ.

ಭಾನುವಾರ ಮಧ್ಯಾಹ್ನ ನಾವು ಬಸ್ಸಿಳಿದಾಗ ಚಿಕ್ಕ ಮಾವ ಸೈಕಲ್ ಹಿಡಿದು ನಿಂತಿದ್ದರು. ಅವರು ಅಮ್ಮನಿಗಿಂತ ಚಿಕ್ಕವರು, ಮಾತಿನ ಮಲ್ಲ. "ಬಾ ಅಕ್ಕ, ಒಳ್ಳೇ ದಿನಕ್ಕೇ ಬಂದಿದ್ದೀಯ. ಇವತ್ತು ಸಾಯಂಕಾಲ ಟೀವೀಲಿ ಗಾಡಿಯಕ್ಕನ ಸಿನಿಮಾ ಬತ್ತದೆ! ಅವ್ವ ಬೆಳಿಗ್ಗೆಯಿಂದ ಟೀವಿ ಒರೆಸ್ತಾ ಕುಂತವ್ಳೆ."

ಅಮ್ಮ ನಕ್ಕಳು. ಆದರೆ ಬ್ಯಾಗಿನ ಹಿಡಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, ಮತ್ತೆ ಮೊದಲಿನ ಕೈಗೇ ತೆಗೆದುಕೊಂಡಳು. ಅವಳ ಮನಸ್ಸಿನಲ್ಲಿದ್ದದ್ದು ನನಗೆ ಅರ್ಥವಾಯಿತು. ತವರನ್ನು ದೋಚಿದ ಮಗಳ ಕಥೆಯನ್ನು ಇಡೀ ಮನೆ ಕೂತು ನೋಡಿದ ಮೇಲೆ ಅವಳು ಎದ್ದು ತನ್ನ ಪಾಲು ಕೇಳಬೇಕು.

ಸಂಜೆ ನಡುಮನೆ ತುಂಬಿತು. ಅಜ್ಜಿ ಕಂಬಕ್ಕೆ ಒರಗಿದ್ದಳು. ದೊಡ್ಡ ಮಾವ ಕುರ್ಚಿಯಲ್ಲಿ, ಅವರ ಹೆಂಡತಿ, ಅಂದರೆ ನನ್ನ ಅತ್ತೆ, ಅಡಿಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಚಿಕ್ಕ ಮಾವ ಆಂಟೆನಾ ತಿರುಗಿಸಲು ಎರಡು ಸಲ ಸೂರು ಹತ್ತಿ ಇಳಿದರು. ಅಮ್ಮ ಅಜ್ಜಿಯ ಪಕ್ಕ ಗೋಡೆಗೆ ಅಂಟಿಕೊಂಡು ಕೂತಳು.

ಸಿನಿಮಾ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ಆ ತಮ್ಮಂದಿರು ಕೆಟ್ಟವರಂತೆ ಕಾಣುತ್ತಲೇ ಇರಲಿಲ್ಲ. ತಂದೆಗೆ ಗಂಜಿ ಕುಡಿಸುತ್ತಾರೆ, ಕಾಲು ಒತ್ತುತ್ತಾರೆ, ಒತ್ತುತ್ತಲೇ ದಿಂಬಿನ ಕೆಳಗೆ ಕೈ ಆಡಿಸುತ್ತಾರೆ. ದಿನ ಕಳೆದಂತೆ ಗಂಜಿಯ ಲೋಟ ಚಿಕ್ಕದಾಗುತ್ತದೆ. ಆಮೇಲೆ ಆ ಕೋಣೆಗೆ ಹೊರಗಿನಿಂದ ಚಿಲಕ ಬೀಳುತ್ತದೆ. ಕಪ್ಪು ಗೋಡೆಯ ಮೇಲೆ ಆ ಬಿಳಿಯ ಚಿಲಕವನ್ನು ಬಹಳ ಹೊತ್ತು ತೋರಿಸಿದರು. ಊರಿನವರು ಹೇಳುತ್ತಿದ್ದ ಕಥೆಯಲ್ಲಿ ಈ ಚಿಲಕ ಇರಲಿಲ್ಲ. ನೋಡಿ ಮರೆತಿದ್ದರೋ, ಟೆಂಟಿನ ಮಸುಕು ಪರದೆಯಲ್ಲಿ ಕಾಣಲಿಲ್ಲವೋ ತಿಳಿಯದು.

ಗಾಡಿಯಕ್ಕ ಬಂದಳು. "ಬಂದ್ಳು ನೋಡು ಮಾರಿ" ಎಂದಳು ಅಜ್ಜಿ, ಸಂಭ್ರಮದಿಂದ. ಜಗಳಗಳಾದವು. ಮುಸ್ಸಂಜೆಯಾಯಿತು. ಕಂಬಳಿಯ ಹೊರೆ ಗಾಡಿಗೇರಿತು.

"ಹೊಡ್ಕಂಡ್ ಹೋದ್ಳು, ಪೆಟ್ಟಿಗೆ ಸಮೇತ" ಎಂದರು ದೊಡ್ಡ ಮಾವ.

ಧೂಳೆದ್ದಿತು. ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು. "ಮುಗೀತು. ಏಳ್ರಪ್ಪ, ಬಿಸಿ ಮುದ್ದೆ ಉಂಡ್ಕಳಿ."

ಆದರೆ ಶುಭಂ ಬರಲಿಲ್ಲ. ಧೂಳು ಇಳಿಯಿತು, ಗಾಡಿ ಮುಂದೆ ಹೋಯಿತು, ಸಿನಿಮಾ ನಡೆಯುತ್ತಲೇ ಇತ್ತು.

"ಇದೇನ್ಲಾ ಇದು?" ಅಜ್ಜಿ ನಿಂತಲ್ಲೇ ಕೇಳಿದಳು. "ಮುಗೀಬೇಕಲ್ವಾ?"

"ಕುತ್ಕವ್ವ ಒಸಿ" ಎಂದರು ಚಿಕ್ಕ ಮಾವ.

ಮನೆಯಲ್ಲಿ ತಮ್ಮಂದಿರು ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದರು. ಪೆಟ್ಟಿಗೆ ಅಲ್ಲೇ ಇತ್ತು! ಕೊಡಲಿಯಿಂದ ಒಡೆದರು. ಒಳಗೆ ಸತ್ತ ತಾಯಿಯ ಹಳೆಯ ಸೀರೆಗಳು, ಅವರಿಬ್ಬರೂ ಮಲಗಿ ಬೆಳೆದ ತೊಟ್ಟಿಲಿನ ಹಗ್ಗ. ನೀನು ಮೊದಲೇ ಬಳಿದುಕೊಂಡೆ, ನೀನು ಬಳಿದುಕೊಂಡೆ ಎಂದು ಒಬ್ಬರನ್ನೊಬ್ಬರು ಹಿಡಿದು ಬಡಿದಾಡಿದರು. ಅತ್ತ ಗಾಡಿ ಒಂದು ಚಿಕ್ಕ ಮನೆಯ ಮುಂದೆ ನಿಂತಿತು. ಅಕ್ಕ ಲಾಂದ್ರ ಹಿಡಿದು ಕಂಬಳಿ ಸರಿಸಿದಳು. ಕಂಬಳಿಯೊಳಗೆ ತಂದೆ ಮಲಗಿದ್ದ, ಕಣ್ಣು ಬಿಟ್ಟು, ಉಸಿರಾಡುತ್ತ.

ಅತ್ತೆಯ ಕೈಯಲ್ಲಿ ಸುಲಿದ ಅವರೆಕಾಯಿ ಹಾಗೇ ಇತ್ತು.

"ಅಯ್ಯೋ ನನ್ ತಾಯಿ!" ಎಂದು ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಪ್ಪನ್ನ ಬದುಕಿಸಕ್ಕೆ ಎತ್ಕಂಡ್ ಹೋದೋಳ್ನ ಇಷ್ಟು ವರ್ಷ ಬೈಕಂಡ್ ಬಂದ್ವಲ್ಲೋ! ಅವತ್ತು ಗಾಡಿ ಹೋದೇಟ್ಗೇ ಶುಭಂ ಅಂತ ಹಾಕ್ಬುಟ್ನಲ್ಲ ಆ ಟೆಂಟ್ನೋನು."

ದೊಡ್ಡ ಮಾವ ಗದ್ದ ಉಜ್ಜಿಕೊಂಡರು. "ಒಂದೇ ಸಿನಿಮಾನ ಕನಕಪುರದ ಕಡೆ ಟೆಂಟು, ನಮ್ ಟೆಂಟು, ಎರಡೂ ಹಂಚ್ಕಂಡು ಓಡಿಸ್ತಿದ್ರು ಕಣವ್ವ. ಅಲ್ಲಿ ಮುಗಿದ ರೀಲು ಬಸ್ನಲ್ಲಿ ಇಲ್ಲಿಗೆ ಬರ್ತಿತ್ತು. ಅವತ್ತು ಬಸ್ಸು ಬರ್ನಿಲ್ಲ ಅಂತ ಕಾಣ್ತದೆ. ಕೈಯಲ್ಲಿದ್ದ ಶುಭಂ ಸ್ಲೈಡ್ ಹಾಕಿ ಎಲ್ರುನೂ ಮನೆಗೆ ಕಳಿಸ್ಬುಟ್ಟವ್ನೆ."

ಎಲ್ಲರೂ ನಕ್ಕರು. ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಅಮ್ಮನ ದಾರಿ ಸುಗಮವಾಯಿತು ಎಂದುಕೊಂಡೆ. ನನ್ನ ಲೆಕ್ಕ ತಪ್ಪಾಗಿತ್ತು. ನಗು ನಿಂತ ಮೇಲೆ ದೊಡ್ಡ ಮಾವ ಅಮ್ಮನ ಕಡೆ ತಿರುಗಿ, ನಿಜವಾದ ಅಕ್ಕರೆಯಿಂದಲೇ, "ನೋಡ್ದಾ ಮಗ, ಹೆಣ್ಮಗಳು ಅಂದ್ರೆ ಅಂಗಿರಬೇಕು. ಅಪ್ಪನ್ನ ಎತ್ಕಂಡ್ ಹೋದ್ಳು, ಒಂದು ಕುಂಟೆ ಜಮೀನು ಕೇಳಿದ್ಲಾ? ನೀನೂ ಅಂಗೇ, ಚಿನ್ನದಂತೋಳು" ಎಂದರು.

ಕಳ್ಳಿಯಾಗಿದ್ದವಳು ಒಂದೇ ರೀಲಿನಲ್ಲಿ ದೇವತೆಯಾಗಿದ್ದಳು. ದೇವತೆಯ ಎದುರು ಪಾಲು ಕೇಳುವುದು ಕಳ್ಳಿಯ ಎದುರು ಕೇಳುವುದಕ್ಕಿಂತ ಕಷ್ಟ. ಅಮ್ಮ ಇನ್ನು ಮಾತಾಡುವುದಿಲ್ಲ ಎಂದೇ ನಾನು ತೀರ್ಮಾನಿಸಿದೆ. ನಾಳೆ ಸಹಿ ಹಾಕುತ್ತಾಳೆ, ಸೀರೆ ಉಟ್ಟು ಬಸ್ಸು ಹತ್ತುತ್ತಾಳೆ.

"ಆವಮ್ಮ ಕೇಳ್ಲಿಲ್ಲ ಕಣಣ್ಣ, ನಿಜ" ಎಂದಳು ಅಮ್ಮ. ತವರಿಗೆ ಬಂದರೆ ಅವಳ ಮಾತು ತವರಿನದೇ ಆಗುತ್ತಿತ್ತು. "ಆದ್ರೆ ನಾನು ಕೇಳ್ತೀನಿ. ತೋಟದಲ್ಲಿ ನಂಗೊಂದು ಪಟ್ಟೆ ಬೇಕು. ನಾಳೆ ನಾನು ಸೈನ್ ಹಾಕಾಕಿಲ್ಲ."

ಚಿಕ್ಕ ಮಾವ ಹೋಗಿ ಟೀವಿ ಆರಿಸಿದರು. ದೊಡ್ಡ ಮಾವ ನನ್ನ ಕಡೆ ನೋಡಿದರು. "ಮೈಸೂರ್ನಲ್ಲಿ ಎಮ್ಮೆ ಓದ್ಕಂಡ್ ಬಂದವ್ಳಲ್ಲ, ಅವಳು ಹೇಳ್ಕೊಟ್ಟಳಾ?"

"ಅವಳು ಬಾಯಿ ಬಿಟ್ಟಿದ್ದು ನೀನು ಯಾವತ್ತಾರ ಕಂಡಿದ್ದೀಯಾ?" ಎಂದಳು ಅಮ್ಮ.

"ಮದುವೇಲಿ ಒಡವೆ ಹಾಕಿಲ್ವಾ ನಿಂಗೆ? ಬಾಣಂತನ ಮಾಡಿಲ್ವಾ? ವರ್ಷ ವರ್ಷ ಬಾಗಿನ ತರ್ತಿಲ್ವಾ?"

"ತರ್ತಿದ್ದೀಯ. ಅದು ನಿಂತೋಯ್ತದೆ ಅಂತಾನೇ ಇಷ್ಟು ದಿನ ಬಾಯಿ ಮುಚ್ಕಂಡಿದ್ದೆ." ಅಮ್ಮ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ಈಗ ಹೇಳ್ಬುಟ್ಟೆ. ನಿಲ್ಲಿಸಾದಾದ್ರೆ ನಿಲ್ಲಿಸು."

ದೊಡ್ಡ ಮಾವ ಎದ್ದು ನಿಂತರು. ಹೊರಗೆ ಹೋಗುವವರಿದ್ದರು. ಆಗ ಅಡಿಗೆಮನೆಯ ಬಾಗಿಲಿನಿಂದ ಅತ್ತೆ ಮಾತಾಡಿದರು. ಅವರ ತವರು ಮಾಗಡಿ ಕಡೆ. ಈ ಮನೆಯಲ್ಲಿ ಅವರ ದನಿ ಎಲ್ಲರಿಗಿಂತ ಸಣ್ಣದು.

"ನಾನು ಸೈನ್ ಹಾಕ್ಕೊಟ್ಟೆ. ಕೇಳಿದ್ ಕಡೆಯೆಲ್ಲ ಹಾಕ್ದೆ. ಸೀರೇನೂ ಕೊಟ್ರು. ಆವತ್ತಿಂದ ಈವತ್ಗಂಟ ನಮ್ಮಣ್ಣ ಗೌರಿ ಹಬ್ಬಕ್ಕೆ ಬಂದವ್ನಾ?"

ದೊಡ್ಡ ಮಾವ ಹೆಂಡತಿಯನ್ನು ನೋಡಿದರು. ಅತ್ತೆ ಅವರೆಕಾಯಿಯನ್ನು ನೋಡುತ್ತಿದ್ದರು.

"ಬರೋನು ಬತ್ತಾನೆ, ಬರದಿದ್ದೋನು ಬರಾಕಿಲ್ಲ. ಸೈನಿಗೂ ಬಾಗಿನಕ್ಕೂ ಏನು?" ಎಂದು ಸೇರಿಸಿ, ಮೊರ ಎತ್ತಿಕೊಂಡು ಒಳಗೆ ಹೋದರು.

ಅಜ್ಜಿ ಮೊದಲು ಚೇತರಿಸಿಕೊಂಡಳು. "ಏನ್ಲಾ ಗರುಡಗಂಬದಂಗೆ ನಿಂತ್ಕಂಡೆ? ಮಗಳು ಕಡೆಗೆ ನನ್ನ ಕಂಬಳೀಲಿ ಸುತ್ಕಂಡ್ ಹೋಗಬೇಕಾದಂಗೆ ಮಾಡ್ಬ್ಯಾಡ್ರಿ ನೀವು."

ಚಿಕ್ಕ ಮಾವ ತಡೆಯಲಾರದೆ ನಕ್ಕರು. "ನಿನ್ನ ಎತ್ತಾಕೆ ಆಳು ಸಾಲದು ಕಣವ್ವ. ಜೆಸಿಬಿ ಬೇಕಾಯ್ತದೆ."

ಯಾರೂ ಏನನ್ನೂ ಒಪ್ಪಲಿಲ್ಲ. ಊಟಕ್ಕೆ ಕೂತರು. ನಡುವೆ ಒಮ್ಮೆ ದೊಡ್ಡ ಮಾವ, ಅಮ್ಮನ ತಟ್ಟೆಯಲ್ಲಿ ಸಾರು ಮುಗಿದಿರುವುದನ್ನು ನೋಡಿ, ಕೂತಲ್ಲಿಂದಲೇ "ಅವಳಿಗೆ ಸಾರು ಬುಡು" ಎಂದು ಹೆಂಡತಿಗೆ ಹೇಳಿದರು. ಅಮ್ಮ ತಲೆ ಬಗ್ಗಿಸಿ ಉಂಡಳು. ಅವಳ ಕತ್ತಿನ ನರ ಸಡಿಲವಾದದ್ದು ಪಕ್ಕದಲ್ಲಿದ್ದ ನನಗೆ ಕಂಡಿತು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮನ ಹಾಸಿಗೆ ಖಾಲಿಯಿತ್ತು. ಅಜ್ಜಿಯನ್ನು ಕೇಳಿದರೆ, "ಅಣ್ಣ ಕರ್ಕಂಡ್ ಹೋದ, ತೋಟಕ್ಕೆ" ಎಂದಳು. ಆಪೀಸಿಗೆ ಹೋಗುವುದಿಲ್ಲವೇ ಎಂದೆ. "ಮೂರು ಭಾಗ ಅಂದ್ಮೇಲೆ ಪತ್ರ ಬೇರೆ ಬರೆಸ್ಬೇಕಂತೆ. ಒಸಿ ಹೊತ್ತು ಬಾಯ್ ಬಡ್ಕಂಡ, ಆಮ್ಯಾಕೆ ಎದ್ದೋದ."

ಚಪ್ಪಲಿ ಮೆಟ್ಟಿ ಹೊರಟೆ. ದಾರಿಯುದ್ದಕ್ಕೂ ನನಗೆ ಇನ್ನೂ ಅಳುಕಿತ್ತು. ಅಣ್ಣತಂಗಿಯರಿಬ್ಬರೇ ಇರುವಾಗ ಅಮ್ಮ ಕರಗಿಬಿಡಬಹುದು. ಬೇಡ ಬಿಡಣ್ಣ ಎಂದುಬಿಡಬಹುದು. ತೋಟದ ಬದುವಿಗೆ ಬರುವ ಮೊದಲೇ ದನಿಗಳು ಕೇಳಿದವು.

"ಬೋರ್‌ವೆಲ್ ಕಡೇದು ನಂಗಿರ್ಲಿ ಅಂದ್ರೆ! ರೋಡಿನ ಕಡೆ ನೀನು ತಕ್ಕೊ."

"ರೋಡಿನ ಕಡೆ ಬರೀ ಕಲ್ಲು ಕಣಣ್ಣ. ನಂಗೊತ್ತಿಲ್ವಾ? ಅಲ್ಲಿ ಕಳೆ ಕಿತ್ತೋಳು ನಾನು."

"ನೀರು ನಾನೇ ಬುಡ್ತೀನಲ್ಲ ನಿನ್ ಪಟ್ಟೆಗೂ. ಗೇಯೋನೂ ನಾನೇ ತಾನೆ? ನೀನು ರಾಮನಗರದಲ್ಲಿ ಕುಂತ್ಕಂಡು ನೀರು ಕಟ್ತೀಯಾ?"

"ಗೇದ್ರೆ ವಾರಕ್ಕೆ ಕೊಡ್ತೀನಿ, ಬೆಳೇಲಿ ಅರ್ಧ ನಿಂಗೆ ಅರ್ಧ ನಂಗೆ. ಪಟ್ಟೆ ಮಾತ್ರ ನಡೂದು."

"ಅಯ್ಯಯ್ಯೋ, ನಡೂದು ಬೇಕಂತೆ! ರಾಣಿ!"

ಸೊಪ್ಪಿನ ಮರೆಯಲ್ಲಿ ನಿಂತು ಕೇಳಿದೆ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿಡದ ಸಾಲುಗಳ ನಡುವೆ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ದೊಡ್ಡ ಮಾವ ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿ, ಮತ್ತೆ ತಲೆಗೆ ಸುತ್ತಿದರು. ಯಾವ ನಯವೂ ಇಲ್ಲದೆ, ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುತ್ತ, ಚಿಕ್ಕಂದಿನಿಂದ ಜಗಳವಾಡಿ ರೂಢಿಯಿದ್ದವರ ಹಾಗೆ ಅವರಿಬ್ಬರೂ ಆಡುತ್ತಿದ್ದರು. ಅಮ್ಮನ ದನಿ ಅಷ್ಟು ಎತ್ತರಕ್ಕೆ ಹೋಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಡುವಿನ ಪಟ್ಟೆ ಅವಳಿಗೆ ಸಿಗುತ್ತದೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಅವರನ್ನು ಕರೆಯದೆ, ಬದುವಿನ ಮೇಲೆ ಕೂತು, ಆ ಜಗಳ ಮುಗಿಯುವವರೆಗೂ ನೆಮ್ಮದಿಯಿಂದ ಕೇಳಿದೆ.