ಏರಿನಲ್ಲಿ ನಿಂತ ವ್ಯಾನು

ಮೆಕ್ಯಾನಿಕ್‌ಗೆ ಒಬ್ಬಳೇ ಅಕ್ಕ. ಅಮ್ಮ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು, ಕೆಲಸ ಕಲಿಯಲು ಕಳಿಸಿದವಳು, ಗ್ಯಾರೇಜಿಗೆ ಜಾಗ ಹುಡುಕಿಕೊಟ್ಟವಳು ಎಲ್ಲ ಅವಳೇ. ಹಳೆಯ ವ್ಯಾನೊಂದರಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟುಬರುವುದು ಅವಳ ಕಸುಬು. ಮಕ್ಕಳಿಗೆ ಅವಳು ವ್ಯಾನಕ್ಕ. ಆಮೇಲೆ ಬೀದಿಗೆಲ್ಲ ಅದೇ ಹೆಸರಾಯಿತು.

ಒಂದು ದಿನ ಅವಳು ಗ್ಯಾರೇಜಿಗೆ ಬಂದು ಹೇಳಿದಳು: "ಏರಿನಲ್ಲಿ ಎಕ್ಸಲೇಟರ್ ಒತ್ತಿದ್ರೆ ಗಾಡಿ ಮಾತೇ ಕೇಳಲ್ಲ ಕಣೋ. ಉಸಿರು ಕಟ್ಟಿದ ಹಾಗೆ ಮಾಡುತ್ತೆ, ಆಮೇಲೆ ಒಮ್ಮೆಲೇ ಎಗರುತ್ತೆ."

ಅವನು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಿಚ್ಚಿ, ಹಿಡಿದಿದ್ದ ಮಸಿ ಒರೆಸಿ, ಖಾಲಿ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿದ. ಎಲ್ಲ ಸರಿಯಿತ್ತು. ಆದರೆ ಸ್ವಲ್ಪ ದಿನಕ್ಕೆ ಅವಳು ಮತ್ತೆ ಬಂದಳು.

"ಮಕ್ಕಳು ತುಂಬಿದಾಗ್ಲೇ ಹಾಗಾಗೋದು. ಒಂದು ಸಲ ಬೆಳಗ್ಗೆ ನನ್ನ ಜೊತೆ ಬಾರೋ."

ಅವನ ಮುಂದೆ ಬೇರೊಬ್ಬರ ಗೇರ್‌ಬಾಕ್ಸ್ ಬಿಚ್ಚಿ ಹರಡಿತ್ತು. "ಅಕ್ಕಾ, ಗಾಡಿಗೂ ವಯಸ್ಸಾಯ್ತು, ನಿನಗೂ ಆಯ್ತು. ಕಾಲು ಸ್ವಲ್ಪ ಮೆಲ್ಲಗಿಡು," ಅಂದ. ಅಲ್ಲಿದ್ದ ಗಿರಾಕಿಗಳು ನಕ್ಕರು. ಅವಳೂ ನಕ್ಕಳು.

ಆಮೇಲೆ ಅವಳು ಆ ಮಾತೆತ್ತಲಿಲ್ಲ. ಶಾಲೆಯ ದಾರಿಯಲ್ಲಿದ್ದ ಸೇತುವೆಯ ಏರು ಬಿಟ್ಟು, ಸುತ್ತಾದರೂ ಸಮತಟ್ಟಾದ ದಾರಿ ಹಿಡಿದಳು. ಪೈಪು ಹಾಕಲೆಂದು ಆ ದಾರಿಯನ್ನು ಅಗೆದಾಗ ಮಾತ್ರ ವಿಧಿಯಿಲ್ಲದೆ ಸೇತುವೆಗೇ ಬಂದಳು. ಏರಿನ ನಡುವೆ ಎಂಜಿನ್ ನಿಂತುಹೋಯಿತು. ವ್ಯಾನು ಹಿಂದಕ್ಕೆ ಜಾರತೊಡಗಿತು, ಹಿಂದೆ ಲಾರಿ. ಅವಳು ಹ್ಯಾಂಡ್‌ಬ್ರೇಕ್ ಎಳೆದು, ಸ್ಟೀರಿಂಗ್ ತಿರುಗಿಸಿ, ಗಾಡಿಯನ್ನು ಪಕ್ಕದ ಗೋಡೆಗೆ ಗುದ್ದಿಸಿ ನಿಲ್ಲಿಸಿದಳು. ಮಕ್ಕಳಿಗೆ ತರಚು ಗಾಯವಷ್ಟೇ ಆಯಿತು. ಅವಳ ಮಣಿಕಟ್ಟು ಮುರಿಯಿತು.

ಅಂದು ಸಂಜೆ ಅವನು ಪೆಟ್ರೋಲ್ ಟ್ಯಾಂಕು ಇಳಿಸಿದ. ಒಳಗಿನ ಪಂಪಿನ ಜಾಲರಿಗೆ ತುಕ್ಕಿನ ಕೆಸರು ಮೆತ್ತಿಕೊಂಡಿತ್ತು. ಖಾಲಿ ಗಾಡಿಗೆ ಸಾಲುವಷ್ಟು ಪೆಟ್ರೋಲ್ ಹೇಗೋ ಬರುತ್ತಿತ್ತು; ಭಾರ ಹೊತ್ತು ಏರು ಹತ್ತುವಾಗ ಸಾಲುತ್ತಿರಲಿಲ್ಲ. ಅಕ್ಕ ಹೇಳಿದ್ದೂ ಅದನ್ನೇ. ಮನೆಮಂದಿಯ ಮಾತೆಂದು ಅವನು ಕಿವಿಗೆ ಹಾಕಿಕೊಂಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ.

ಟ್ಯಾಂಕು ತೊಳೆದು, ಹೊಸ ಪಂಪು ಕೂರಿಸಿ, ಸೀಟುಗಳ ಮೇಲೆ ಮರಳಿನ ಚೀಲ ಹೇರಿಕೊಂಡು ಅದೇ ಏರಿಗೆ ಹೋದ. ವ್ಯಾನು ಎಲ್ಲೂ ತಡವರಿಸದೆ ಹತ್ತಿತು. ಮೇಲೆ ನಿಲ್ಲಿಸಿ, ಇಳಿಯಲು ಮನಸ್ಸಾಗದೆ ತುಂಬ ಹೊತ್ತು ಕೂತಿದ್ದ.

ಮಕ್ಕಳ ತಾಯಂದಿರು ಬೈಯಲಿಲ್ಲ. "ನಿಮ್ಮ ತಪ್ಪೇನೂ ಇಲ್ಲ ಬಿಡಿ," ಅನ್ನುತ್ತಲೇ ಬೇರೆ ವ್ಯಾನು ಗೊತ್ತುಮಾಡಿಕೊಂಡರು. ಮೂಳೆ ಕೂಡಿದರೂ ಅವಳ ಕೈ ಸ್ಟೀರಿಂಗಿಗೆ ಬಗ್ಗಲಿಲ್ಲ. ಈಗ ಬಟ್ಟೆ ಅಂಗಡಿಯೊಂದರಲ್ಲಿ ಯೂನಿಫಾರಂ ಮಡಚಿಡುತ್ತಾಳೆ.

"ಅವತ್ತು ನಿನ್ನ ಜೊತೆ ಬರಬೇಕಿತ್ತು ಅಕ್ಕಾ," ಅಂದ ಒಮ್ಮೆ.

"ಬಿಡೋ, ನಿನಗೂ ಕೆಲಸ ಇತ್ತು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಮೊನ್ನೆ ಅವಳು ಕೆಟ್ಟ ಮಿಕ್ಸಿಯನ್ನು ಚೀಲದಲ್ಲಿಟ್ಟುಕೊಂಡು ಗ್ಯಾರೇಜಿನ ಮುಂದೆಯೇ ಹಾದು, ಆಚೆ ಬೀದಿಯ ರಿಪೇರಿ ಅಂಗಡಿಗೆ ಹೋದಳು. ಮೊದಲೆಲ್ಲ ಅಂಥದ್ದನ್ನು ಇವನ ಮುಂದೆಯೇ ತಂದಿಡುತ್ತಿದ್ದಳು. ಅವನು ಕೈ ಒರೆಸಿಕೊಂಡು ಬಾಗಿಲಿಗೆ ಬಂದ. ಅವಳು ತಿರುವು ದಾಟಿದ ಮೇಲೆ ಒಳಗೆ ಹೋಗಿ ಮತ್ತೆ ಸ್ಪ್ಯಾನರ್ ಎತ್ತಿಕೊಂಡ.