ಟಿವಿ ಆರಿದ ಮೇಲೆ ಬಂದ ಮಾತು

ಮೂರು ವರ್ಷದ ಹಿಂದಿನ ಬೇಸಿಗೆ. ನನ್ನ ಮಗಳು ನಿಧಿಗೆ ಆಗ ಎರಡೂವರೆ ತುಂಬಿತ್ತು. ಅವಳ ಓರಗೆಯ ಮಕ್ಕಳು ಕಾಗೆ, ಬೆಕ್ಕು ಅಂತ ಬಾಯಿ ಮುಚ್ಚದೆ ಹರಟುತ್ತಿದ್ದರೆ ಇವಳು ಬೇಕಾದ್ದಕ್ಕೆ ಕೈ ತೋರಿಸುತ್ತಿದ್ದಳು, ಕೊಡದಿದ್ದರೆ ಅಳುತ್ತಿದ್ದಳು. ಅಮ್ಮಾ ಅಂತಲೂ ಕರೆದಿರಲಿಲ್ಲ.

ಹೊಸನಗರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಯಜಮಾನರು ತೀರ್ಥಹಳ್ಳಿ ಕಡೆ ಹೋಗುವ ಬಸ್ಸಿನ ಡ್ರೈವರ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮುಂದಿನ ಕೋಣೆಯಲ್ಲೇ ನನ್ನ ಮಷಿನ್, ಮಾವನ ಮಂಚ, ಟಿವಿ. ಮಗು ಆಡುವುದೂ ಅಲ್ಲೇ.

ಮಾವ ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗಿ ಬಸ್ಸಿಗೆ ಜನ ಹತ್ತಿಸುವ ಏಜೆಂಟರಾಗಿದ್ದವರು. "ಸಾಗರ, ಸಾಗರ, ಸಾಗರ!" ಅಂತ ಅವರು ಕೂಗಿದರೆ ಪೇಟೆಯ ಆ ತುದಿಗೂ ಕೇಳುತ್ತಿತ್ತಂತೆ. ನಿಧಿ ಹುಟ್ಟುವ ಮೊದಲೇ ಅವರಿಗೆ ಲಕ್ವ ಹೊಡೆದು ಒಂದು ಕಡೆ ಕೈಕಾಲು ಬಿದ್ದುಹೋಯಿತು. ತುಟಿ ಸರಿಯಾಗಿ ಕೂಡುತ್ತಿರಲಿಲ್ಲ. 'ಬಾ' ಅಂದರೆ 'ವಾ' ಅಂತ ಕೇಳುತ್ತಿತ್ತು. ನೋಡಲು ಬಂದವರು "ಎಂತ ಹೇಳಿದ್ರಿ?" ಅಂತ ಮತ್ತೆ ಮತ್ತೆ ಕೇಳಿದಾಗ ನಾಚಿಕೆಯಾಗಿ ಮಾತೇ ನಿಲ್ಲಿಸಿಬಿಟ್ಟರು. ಆಮೇಲೆ ಅವರಿಗೆ ಟಿವಿಯೇ ಜೊತೆ. ಬೆಳಿಗ್ಗೆ ಕಾಫಿಯ ಹೊತ್ತಿಗೆ ಹಾಕಿದರೆ ಮಲಗುವ ತನಕ ಕೂಗುತ್ತಲೇ ಇರುತ್ತಿತ್ತು.

ಮಗುವಿಗೆ ಕಿವಿ ಕೇಳಿಸುವುದಿಲ್ಲವೇನೋ ಅಂತ ಹೆದರಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಪರೀಕ್ಷೆ ಮಾಡಿದರು, ಕಿವಿ ಸರಿಯಾಗಿತ್ತು. ಡಾಕ್ಟರಮ್ಮ ಕೇಳಿದರು, "ಮನೇಲಿ ಟಿವಿ ಎಷ್ಟು ಹೊತ್ತು ಇರುತ್ತೆ?"

"ದಿನವಿಡೀ ಇರುತ್ತೆ ಡಾಕ್ಟ್ರೇ. ಆದ್ರೆ ಮಗು ನೋಡಲ್ಲ. ಅದು ಮಾವನಿಗೆ."

"ನೋಡದೇ ಇದ್ರೂ ಕಿವಿ ಮೇಲೆ ಬೀಳ್ತಾನೇ ಇರುತ್ತಲ್ಲಮ್ಮ. ಆ ಗಲಾಟೆಯಲ್ಲಿ ನಿಮ್ಮ ಮಾತು ಯಾವುದು ಅಂತ ಬೇರೆ ಮಾಡಿ ಹಿಡಿಯೋದು ಸಣ್ಣ ಮಗೂಗೆ ಕಷ್ಟ. ಟಿವಿ ಇದ್ರೆ ದೊಡ್ಡೋರೂ ಮಗು ಹತ್ರ ಮಾತಾಡೋದು ಕಮ್ಮಿ. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಮೊದಲು ಅದನ್ನ ನಿಲ್ಲಿಸಿ ನೋಡಿ."

ಮನೆಗೆ ಬಂದು ಗಮನಿಸಿದೆ. ಹೌದು, ನಿಧಿ ಡಬ್ಬಿಗಳನ್ನು ಒಂದರ ಮೇಲೊಂದು ಇಡಲು ಕೂರುತ್ತಿದ್ದಳು. ಜಾಹೀರಾತಿನ ಸದ್ದು ಬಂದೊಡನೆ ಕತ್ತು ಆ ಕಡೆ. ತಿರುಗಿ ಬರುವಷ್ಟರಲ್ಲಿ ಡಬ್ಬಿ ಮರೆತು ಇನ್ನೊಂದು ಆಟ. ಯಾವುದೂ ಪೂರ್ತಿ ಆಗುತ್ತಿರಲಿಲ್ಲ.

ಮಾವನಿಗೆ ಹೇಳುವುದು ಹೇಗೆ? ಅಡುಗೆಮನೆಯಲ್ಲಿ ಯಜಮಾನರು, "ಅಪ್ಪಂಗೆ ಇರೋದೇ ಅದೊಂದು ಕಣೇ. ಅದನ್ನೂ ಕಿತ್ಕೊಂಡ್ರೆ ಹೆಂಗೆ?" ಅಂದರು. ಅಷ್ಟರಲ್ಲಿ ಮುಂದಿನ ಕೋಣೆ ನಿಶ್ಶಬ್ದವಾಯಿತು. ಹೋಗಿ ನೋಡಿದರೆ ಮಾವ ಟಿವಿ ಆರಿಸಿ, ರಿಮೋಟನ್ನು ನನ್ನ ಕಡೆ ಚಾಚಿ ಹಿಡಿದಿದ್ದರು. "ವೇಡ, ಸುಮಾ," ಅಂದರು. ಬೇಡ ಅಂತ. ಎಷ್ಟೋ ಕಾಲದ ಮೇಲೆ ಅವರು ನನ್ನ ಹೆಸರು ಹಿಡಿದು ಕರೆದದ್ದು.

ಆ ಮೊದಲ ದಿನಗಳು ಕಷ್ಟವಾಗಿದ್ದವು. ಅವರು ಗೋಡೆ ನೋಡುತ್ತಾ ಮಲಗಿರುತ್ತಿದ್ದರು. ನೋಡಲಾಗದೆ "ಸ್ವಲ್ಪ ಹೊತ್ತು ಹಾಕ್ಲಾ ಮಾವ?" ಅಂದರೆ ತಲೆ ಅಲ್ಲಾಡಿಸಿಬಿಡುತ್ತಿದ್ದರು. ಆಮೇಲೊಂದು ದಿನ ನಾನು ಹೊಲಿಯುತ್ತಿದ್ದಾಗ ಮಂಚದಿಂದ "ಸಾಗರ, ಸಾಗರ, ಸಾಗರ!" ಅಂತ ಕೇಳಿತು. ದನಿ ಒಡೆದಿತ್ತು, ಉಸಿರು ಸಾಲುತ್ತಿರಲಿಲ್ಲ. ನಿಧಿ ಆಟ ಬಿಟ್ಟು ಅವರ ಬಾಯನ್ನೇ ನೋಡುತ್ತ ನಿಂತಳು. ಮಾವ ಮತ್ತೆ ಕೂಗಿದರು. ಅವಳು ಕಿಲಕಿಲ ನಕ್ಕಳು.

ಅಲ್ಲಿಂದ ಅದೇ ಆಟ. ಇಡೀ ದಿನ ಅವಳ ಹತ್ತಿರ ಮಾತು. ಅವಳು "ಎಂತ ಹೇಳಿದ್ರಿ?" ಅಂತ ಕೇಳುತ್ತಿರಲಿಲ್ಲವಲ್ಲ, ಅದಕ್ಕೇ ಅವರಿಗೆ ಧೈರ್ಯ ಬಂದಿರಬೇಕು. ಮಳೆ ಹಿಡಿಯುವ ಹೊತ್ತಿಗೆ ನಿಧಿ ಮೊದಲ ಮಾತು ಆಡಿದಳು. ರಸ್ತೆ ಕಡೆ ಕೈ ತೋರಿಸಿ "ವಸ್ಸು!" ಅಂದಳು. ಬಸ್ಸು. ಅಜ್ಜ ಅನ್ನುವ ಹಾಗೇ. ಮಾವ ಒಂದು ಕೈಯಲ್ಲೇ ಅವಳನ್ನು ಎದೆಗೆ ಎಳೆದುಕೊಂಡು ಅತ್ತರು. ಆಮೇಲೆ ಮಾತು ಒಂದೊಂದಾಗಿ ಬಂತು. ಬಾ ಅನ್ನುವುದು ವಾ, ಬೆಲ್ಲ ಅನ್ನುವುದು ವೆಲ್ಲ. ಡಾಕ್ಟರಮ್ಮ ಕೇಳಿ ನಕ್ಕು, "ಬೇರೆಯವರ ಮಾತು ಕೇಳ್ತಾ ಕೇಳ್ತಾ ಸರಿಯಾಗುತ್ತೆ, ಬಿಡಿ," ಅಂದರು.

ದೀಪಾವಳಿಗೆ ಮೊದಲು ಮಾವನಿಗೆ ಇನ್ನೊಮ್ಮೆ ಲಕ್ವ ಬಡಿಯಿತು. ಆಸ್ಪತ್ರೆಗೆ ಕರೆದೊಯ್ಯುವ ದಾರಿಯಲ್ಲೇ ಹೋಗಿಬಿಟ್ಟರು. ಎಲ್ಲ ಮುಗಿದ ಮೇಲೆ ನಿಧಿ ಖಾಲಿ ಮಂಚದ ಪಟ್ಟಿ ಹಿಡಿದು ನಿಂತು ಕರೆಯುತ್ತಿದ್ದಳು, "ಅಜ್ಜ, ವಾ. ವಾ ಅಜ್ಜ." ಯಜಮಾನರು ಅಂಗಳಕ್ಕೆ ಎದ್ದು ಹೋದರು.

ಮುಂದಿನ ವರ್ಷ ಅಂಗನವಾಡಿಗೆ ಸೇರಿಸಿದೆವು. ಒಂದು ಮಧ್ಯಾಹ್ನ ಕರೆದುಕೊಂಡು ಬರುವಾಗ ಅವಳು ಥಟ್ಟನೆ ನಿಂತು, "ಅಮ್ಮಾ, ಬಸ್ಸು ಬಂತು!" ಅಂದಳು. ತುಟಿ ಕೂಡಿಸಿ, ಸ್ಪಷ್ಟವಾಗಿ. ಬಾಗಿಲಲ್ಲೇ ನಿಂತಿದ್ದ ಟೀಚರ್ "ನೋಡಿ, ಎಷ್ಟು ಚೆನ್ನಾಗಿ ಹೇಳ್ತಾಳೆ!" ಅಂತ ಖುಷಿಪಟ್ಟರು. ನಾನೂ ನಕ್ಕೆ. ಮನೆಗೆ ಬಂದು ಮಷಿನ್ ಮುಂದೆ ಕೂತಾಗ ಅಳು ತಡೆಯಲಾಗಲಿಲ್ಲ.

ಮಗಳು ಸರಿಯಾಗಿ ಮಾತಾಡಲಿ ಅಂತ ಸಿಗಂದೂರಿನ ದೇವಿಗೆ ಹರಕೆ ಹೊತ್ತವಳು ನಾನೇ. ಹರಕೆ ತೀರಿಸಿಯೂ ಬಂದೆ. ಈಗ ಅವಳು ಎಲ್ಲ ಮಕ್ಕಳ ಹಾಗೆ ಮಾತಾಡುತ್ತಾಳೆ. ಯಾರಾದರೂ ವಿಡಿಯೋ ಮಾಡಲು ಹೋದರೆ ಮಾವ ಮುಖ ತಿರುಗಿಸುತ್ತಿದ್ದರು. ಹಾಗಾಗಿ ಫೋನಿನಲ್ಲಿ ಅವರ ಫೋಟೋ ಮಾತ್ರ ಇದೆ. ಅವರ ದನಿ ಅಂತ ಮನೆಯಲ್ಲಿ ಉಳಿದಿದ್ದದ್ದು ಮಗುವಿನ ಬಾಯಲ್ಲಿ ಮಾತ್ರ. ಅದೂ ಸರಿಹೋಯಿತು.